ಅಗರಖೇಡದ ಹದಿನೈದು ಗುಂಟೆ

ಭೂಮಿ ದುಂಡಗಿದೆ. ನಾಲ್ಕನೇ ಇಯತ್ತೆಯಲ್ಲೇ ಇದನ್ನು ನಮಗೆಲ್ಲ ಕಲಿಸಿದ್ದಾರೆ. ಪರೀಕ್ಷೆಯಲ್ಲಿ ಬರೆದು, ಎರಡು ಅಂಕ ಪಡೆದು, ಮರೆತಿದ್ದೇವೆ. ದುಂಡಗಿನದನ್ನು ಚಪ್ಪಟೆ ಪರದೆಯ ಮೇಲೆ ಹಾಸಬೇಕೆಂದರೆ ಏನಾದರೊಂದನ್ನು ಕೆಡಿಸಲೇಬೇಕು. ಆಕಾರ ಉಳಿಸಿಕೊಂಡರೆ ಅಳತೆ ಕೆಡುತ್ತದೆ, ಅಳತೆ ಉಳಿಸಿಕೊಂಡರೆ ಆಕಾರ. ಯಾವುದನ್ನು ಉಳಿಸಿ ಯಾವುದನ್ನು ಕೆಡಿಸುವುದು ಎಂಬ ಲೆಕ್ಕಕ್ಕೆ ಪ್ರಕ್ಷೇಪ ಎಂದು ಹೆಸರು. ಅದನ್ನು ದೇವರು ಆರಿಸುವುದಿಲ್ಲ. ಯಾವುದೋ ಕಚೇರಿಯಲ್ಲಿ ಕುಳಿತ ಮನುಷ್ಯ ಆರಿಸುತ್ತಾನೆ.

ತರನ್ನುಮ ಬಾಗವಾನ ಆರಿಸಿದವಳಲ್ಲ. ಬೇರೆಯವರು ಆರಿಸಿಟ್ಟದ್ದರ ಮೇಲೆ ಗೆರೆ ಎಳೆದವಳು.

ವಯಸ್ಸು ಮೂವತ್ತೊಂದು. ಊರು ನಿಡಗುಂದಿ. ತಂದೆ ಖಾಜಾಸಾಬರು ಹೆದ್ದಾರಿ ಬಸ್ಸುಗಳ ಕಿಟಕಿಗೆ ಬಾಳೆಹಣ್ಣಿನ ಬುಟ್ಟಿ ಎತ್ತಿ ಹಿಡಿದೇ ಮಗಳಿಗೆ ಸಿವಿಲ್ ಡಿಪ್ಲೊಮಾ ಓದಿಸಿದರು. ಆರು ವರ್ಷ ಅವಳು ಕುಡಿಯುವ ನೀರಿನ ಪೈಪುಗಳ ನಕ್ಷೆ ತಿದ್ದಿದಳು. ಆಮೇಲೆ ಒಂದು ಖಾಸಗಿ ಕಂಪನಿ ಸಿಂದಗಿಯಲ್ಲಿ ಕಚೇರಿ ತೆರೆಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ತಾಲೂಕಿನ ಹೊಲಗಳನ್ನು ಇಂಟರ್ನೆಟ್ ನಕ್ಷೆಗೆ ಏರಿಸುವ ಗುತ್ತಿಗೆ ಅದರದು. ತರನ್ನುಮ ಅಲ್ಲಿ ಸೇರಿಕೊಂಡಳು.

ಕೆಲಸ ಇಷ್ಟೇ. ಪರದೆಯ ಮೇಲೆ ಉಪಗ್ರಹದ ಚಿತ್ರ ಇರುತ್ತದೆ. ಹೊಲದ ಗಡಿಯ ಒಡ್ಡಿನ ಗುಂಟ ಮೌಸ್ ಒತ್ತುತ್ತ ಹೋಗಿ ಹೊರಟಲ್ಲಿಗೇ ಬಂದು ಮುಟ್ಟಬೇಕು. ಮೂಲೆಯಲ್ಲಿ ಎಕರೆ, ಗುಂಟೆ ತಾನಾಗಿ ಮೂಡುತ್ತದೆ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಬರೆದಿದ್ದಕ್ಕಿಂತ ಅದು ಹೆಚ್ಚಿದ್ದು, ಪಕ್ಕದಲ್ಲಿ ಸರ್ಕಾರಿ ಹಳ್ಳವೋ ಕೆರೆಯೋ ಗಾಡಿದಾರಿಯೋ ಇದ್ದರೆ ಹೊಲ ಕೆಂಪಗಾಗುತ್ತದೆ. ಕೆಂಪಗಾದ ಹೊಲದವನಿಗೆ ಒತ್ತುವರಿ ನೋಟಿಸು ಹೋಗುತ್ತದೆ. ನಡುವೆ ಅದನ್ನು ಓದಿ ನೋಡುವ ಮನುಷ್ಯನೇ ಇಲ್ಲ. ದಿನಕ್ಕೆ ನೂರಾ ನಲವತ್ತು ಹೊಲ ಮುಗಿಸುತ್ತಿದ್ದಳು. ಸಂಜೆ ಬಸ್ಸಿನಲ್ಲಿ ಕಣ್ಣು ಮುಚ್ಚಿದರೂ ಒಡ್ಡುಗಳೇ ಕಾಣುತ್ತಿದ್ದವಂತೆ.

ಕಳೆದ ವರ್ಷ ಇಂಡಿಯ ಒಂದು ಕಲ್ಯಾಣ ಮಂಟಪದಲ್ಲಿ ನೋಟಿಸು ಬಂದವರ ಅಹವಾಲು ಕೇಳುವ ಶಿಬಿರ ಹಾಕಿದರು. ತರನ್ನುಮಳನ್ನು ಲ್ಯಾಪ್‌ಟಾಪ್ ಕೊಟ್ಟು ಕೂರಿಸಿದರು. ಮಧ್ಯಾಹ್ನದ ಹೊತ್ತಿಗೆ ಅಗರಖೇಡದ ಗುರುಲಿಂಗಪ್ಪ ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬಂದ. ಅರವತ್ತು ದಾಟಿದ ರೈತ. ಹಳ್ಳದ ದಂಡೆಗೆ ನಾಲ್ಕು ಎಕರೆ ಲಿಂಬೆ ತೋಟ.

“ತಂಗಿ, ನನ್ನ ಹೊಲ ಒಂದೀಟ ತೋರಸವಾ.”

“ಇದ ನೋಡ್ರಿ ಕಾಕಾ. ಇದ ನಿಮ್ಮ ಒಡ್ಡು, ಇದ ಹಳ್ಳ.”

ಆತ ಬಗ್ಗಿ ನೋಡಿದ. “ಹೌದು, ನಂದ. ಬಾವಿ ಸುದ್ದಾ ಕಾಣ್ತೈತಲ್ಲ! ಒಡ್ಡ ಎಲ್ಲಿ ಇರಬೇಕೋ ಅಲ್ಲೇ ಐತಿ. ಹಂಗಾದ್ರ ನಾ ಒತ್ತಿದ್ದು ಎಲ್ಲಿ?”

“ಉತಾರದಾಗ ನಾಕ ಎಕರೆ ಐತ್ರಿ. ಇಲ್ಲಿ ನಾಕ ಎಕರೆ ಹದಿನೈದು ಗುಂಟೆ ತೋರ್ಸಾಕತ್ತೈತಿ.”

ಹಿಂದೆ ನಿಂತಿದ್ದ ಅದೇ ಊರಿನ ಮಾಳಿಂಗಪ್ಪ ಬಾಯಿ ಹಾಕಿದ. “ಕಂಪ್ಯೂಟರ ಗೊಬ್ಬರಾ ಹಾಕೇತಿ ತಗೋ. ನಂದೂ ಎರಡ ಎಕರೆಕ್ಕ ಎಂಟ ಗುಂಟೆ ಬೆಳದೈತಿ. ಊರಾಗ ಎಲ್ಲಾರ ಹೊಲಾನೂ ಬೆಳದಾವು. ಮತ್ತ ಅಗರಖೇಡ ಹಿಗ್ಗಿ ಎಲ್ಲಿಗಿ ಹೋಗೇತಿ, ಹೊಳಿ ದಾಟಿ ಸೊಲ್ಲಾಪುರಕ್ಕೇನು?”

ಸರದಿಯಲ್ಲಿದ್ದವರು ನಕ್ಕರು. ಗುರುಲಿಂಗಪ್ಪ ನಗಲಿಲ್ಲ.

“ನೀ ನಗತಿ. ಹಸದ್ರೂ ಹಸಿ, ಮಂದಿ ಒಡ್ಡ ಮಾತ್ರ ಒತ್ತಬ್ಯಾಡ ಅಂತ ನಮ್ಮಪ್ಪ ಹೇಳಿ ಹೋಗ್ಯಾನ. ಒಡ್ಡ ಒತ್ತಿದಂವ ಅಂತ ಕರಿಸ್ಕೊಂಡು ನಾ ಒಂದ ದಿನಾನೂ ಇರಾಂವಲ್ಲ.”

ಈ ಸೀಮೆಯಲ್ಲಿ ಕಳ್ಳ ಎಂದರೆ ಜಗಳಾಡಿ ಸುಮ್ಮನಾಗುತ್ತಾರೆ. ಒಡ್ಡು ಒತ್ತಿದವ ಎಂದರೆ ಅದು ಮೂರು ತಲೆಮಾರಿಗೆ ಅಂಟುತ್ತದೆ. ಅಂಥ ಮನೆಗೆ ಹೆಣ್ಣು ಕೊಡಲೂ ಹಿಂದೆಮುಂದೆ ನೋಡುತ್ತಾರೆ. ನಿಡಗುಂದಿ ಬಸ್ ಸ್ಟ್ಯಾಂಡಿನಲ್ಲಿ ಬೆಳೆದವಳಿಗೆ ಅದು ಅಷ್ಟಾಗಿ ತಿಳಿದಿರಲಿಲ್ಲ.

“ವಿಚಾರಣಿ ಇನ್ನಾ ಮೂರ ವಾರ ಐತ್ರಿ ಕಾಕಾ. ಗಾಬರಿ ಆಗಬ್ಯಾಡ್ರಿ,” ಎಂದಳು. ಆತ ನೋಟಿಸನ್ನು ಮತ್ತೆ ಮಡಚಿಕೊಂಡು ಹೋದ.

ಅವಳ ತಲೆಯಲ್ಲಿ ಉಳಿದದ್ದು ಮಾಳಿಂಗಪ್ಪನ ಕುಚೋದ್ಯ. ಮರುದಿನ ಕಚೇರಿಯಲ್ಲಿ ಹಳೆಯ ಕಡತಗಳನ್ನು ತೆಗೆದು ಕೂತಳು. ಅಗರಖೇಡದಲ್ಲಿ ಯಾರ ಹೊಲ ತೆಗೆದರೂ ಎಕರೆಯ ನಲವತ್ತು ಗುಂಟೆಗೆ ನಾಲ್ಕು ಗುಂಟೆಯ ಹತ್ತಿರ ಹತ್ತಿರ ಹೆಚ್ಚು. ಕಳ್ಳರು ಎಲ್ಲರೂ ಸೇರಿ ಒಂದೇ ಅಳತೆಗೆ ಕದಿಯುವುದಿಲ್ಲ. ಉಳಿದ ತಾಲೂಕುಗಳನ್ನೂ ನೋಡಿದಳು. ದಕ್ಷಿಣದ ಮುದ್ದೇಬಿಹಾಳದಲ್ಲಿ ನೂರಕ್ಕೆ ಎಂಟೂವರೆ ಹೆಚ್ಚು. ಬಾಗೇವಾಡಿ ಕಡೆ, ಗೊಳಸಂಗಿಯ ಹೊಲಗಳಲ್ಲಿ, ಒಂಬತ್ತಕ್ಕೆ ತುಸು ಕಡಿಮೆ. ಸಿಂದಗಿಯಲ್ಲಿ ಒಂಬತ್ತಕ್ಕೆ ತುಸು ಮೇಲೆ. ಉತ್ತರದ ಇಂಡಿಗೆ ಬಂದರೆ ಒಂಬತ್ತೂವರೆ. ಉತ್ತರಕ್ಕೆ ಹೋದಷ್ಟೂ ರೈತರು ಹೆಚ್ಚು ಹೆಚ್ಚು ಕಳ್ಳರಾಗುತ್ತ ಹೋಗಲು ಸಾಧ್ಯವಿಲ್ಲ. ನಕ್ಷೆಯೇ ಹಿಗ್ಗುತ್ತಿತ್ತು.

ನಾವು ಮೊಬೈಲಿನಲ್ಲಿ ನೋಡುವ ನಕ್ಷೆಗಳು ಹೆಚ್ಚಾಗಿ ವೆಬ್ ಮರ್ಕೇಟರ್ ಎಂಬ ಪ್ರಕ್ಷೇಪದಲ್ಲಿರುತ್ತವೆ. ಬೇಗ ತೆರೆಯುತ್ತದೆ, ಹೊಲದ ಆಕಾರ ಕೆಡುವುದಿಲ್ಲ, ಉತ್ತರ ಯಾವಾಗಲೂ ಮೇಲೆಯೇ. ದಾರಿ ಹುಡುಕಲು ಒಳ್ಳೆಯದೇ. ಆದರೆ ಸಮಭಾಜಕ ವೃತ್ತದಿಂದ ದೂರ ಸರಿದಷ್ಟೂ ಅದು ನೆಲವನ್ನು ಉಬ್ಬಿಸುತ್ತದೆ. ಅದಕ್ಕೇ ತಿಳಿದವರು ಅದರಲ್ಲಿ ತೋರಿಸುತ್ತಾರೆ, ಅಳೆಯುವಾಗ ಬೇರೆ ಪ್ರಕ್ಷೇಪಕ್ಕೆ ಇಳಿಸಿ ಅಳೆಯುತ್ತಾರೆ. ನಮ್ಮ ಭಾಗಕ್ಕೆ ಯುಟಿಎಂ ಎಂಬುದರ ನಲವತ್ತಮೂರನೇ ವಲಯ ಸಾಕು. ತರನ್ನುಮ ಗುರುಲಿಂಗಪ್ಪನ ಹೊಲವನ್ನು ಅದಕ್ಕೆ ಇಳಿಸಿದಳು. ನಾಲ್ಕು ಎಕರೆ ಬಂತು. ಸರಿಯಾಗಿ ನಾಲ್ಕು.

ಅವಳ ಮೇಲಿನವ ಅನೀಲಕುಮಾರ. ಕೆಟ್ಟ ಮನುಷ್ಯನಲ್ಲ ಎಂದು ಅವಳೇ ಹೇಳುತ್ತಾಳೆ. ಕೆಟ್ಟವರಲ್ಲದವರಿಂದಲೇ ಇಂಥ ಕೆಲಸಗಳು ಸಲೀಸಾಗಿ ನಡೆಯುವುದು.

“ಸರ್, ನೋಡೂ ನಕ್ಷಿ ಮ್ಯಾಲೆನ ಅಳದಬಿಟ್ಟೇವ್ರಿ. ಪ್ರೋಗ್ರಾಮಿನ್ಯಾಗ ಒಂದ ಸಾಲ ಬದಲ ಮಾಡಿದ್ರ ಸರಿ ಆಗತೈತ್ರಿ.”

“ಒಂದ ಸಾಲ ಬದಲ ಮಾಡಬಹುದು ಮೇಡಂ. ಹನ್ನೊಂದ ಸಾವಿರ ನೋಟಿಸ್ ಹೋಗ್ಯಾವು. ಅವೆಲ್ಲಾ ಸುಳ್ಳ ಅಂತ ಯಾರ ಹೇಳವ್ರು? ನೀವಾ, ನಾನಾ?”

“ಯಾರರೆ ಒಬ್ರು ಹೇಳಬೇಕಲ್ರಿ.”

“ಮೇಲ್ ಹಾಕ್ರಿ. ಮ್ಯಾಲಿನವ್ರು ನೋಡ್ತಾರು. ಚಹಾ ಕುಡದೀರೇನು?”

ಮೇಲ್ ಹಾಕಿದಳು. ಆರನೇ ದಿನ ಉತ್ತರ ಬಂತು: ಸಲಹೆಗೆ ಧನ್ಯವಾದ, ಮುಂದಿನ ಆವೃತ್ತಿಯಲ್ಲಿ ಪರಿಗಣಿಸಲಾಗುವುದು. ಮತ್ತೊಂದು ಹಾಕಿದಳು. ಅದಕ್ಕೆ ಉತ್ತರ ಬರಲಿಲ್ಲ. ಅಷ್ಟೂ ದಿನ ಗುರುಲಿಂಗಪ್ಪನ ಫೋನ್ ನಂಬರ್ ಕಡತದಲ್ಲೇ ಇತ್ತು, ಹೆಸರಿನ ಪಕ್ಕದಲ್ಲಿ. ನೋಟಿಸು ಬಂದವರಿಗೆ ಸಿಬ್ಬಂದಿ ನೇರವಾಗಿ ಫೋನ್ ಮಾಡಕೂಡದೆಂದು ಕಂಪನಿಯ ನಿಯಮ. ಕೆಲಸ ಹೋದರೆ ಮನೆಯಲ್ಲಿ ಬೇರೆ ದುಡಿಯುವವರಿಲ್ಲ. ಮೇಲಾಗಿ ವಿಚಾರಣೆಗೆ ಇನ್ನೂ ದಿನ ಇತ್ತು. ವಿಚಾರಣೆಗೆ ಮುಂಚೆ ಯಾರು ಏನು ಮಾಡಿಕೊಳ್ಳುತ್ತಾರೆ ಎಂದುಕೊಂಡಳು. ನೀವಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದಿರಿ, ನಾನಾಗಿದ್ದರೂ.

ಶಿಬಿರ ಮುಗಿದ ಹತ್ತೊಂಬತ್ತನೇ ದಿನ ಅನೀಲಕುಮಾರ ಅವಳಿಗೆ ಒಂದು ಪಟ್ಟಿ ಕೊಟ್ಟ. ಒತ್ತುವರಿ ತೆರವು ಮಾಡಿದ್ದೇವೆ ಎಂದು ತಾವಾಗಿ ತಿಳಿಸಿದವರ ಹೊಲಕ್ಕೆ ಹೋಗಿ ಫೋಟೊ ತೆಗೆದು ಏರಿಸಬೇಕು. ಪಟ್ಟಿಯ ಎರಡನೇ ಹೆಸರು ಅಗರಖೇಡದ ಗುರುಲಿಂಗಪ್ಪ.

ಹಳ್ಳದ ಕಡೆಯಿಂದ ನಲವತ್ತು ಗಿಡ ಕಡಿದಿದ್ದರು. ಹನ್ನೆರಡು ವರ್ಷದ ಗಿಡಗಳು, ಕಾಯಿ ಸಮೇತ. ಬೊಡ್ಡೆಗಳು ಇನ್ನೂ ಹಸಿಯಾಗಿದ್ದವು. ಟೊಂಗೆಗಳನ್ನು ಅಚ್ಚುಕಟ್ಟಾಗಿ ಒಟ್ಟಿದ್ದರು. ಹಳ್ಳದಿಂದ ಅಳೆದು ಹೊಸ ಒಡ್ಡು ಹಾಕಿದ್ದರು, ನೂಲು ಹಿಡಿದ ಹಾಗೆ ನೆಟ್ಟಗೆ. ಗುರುಲಿಂಗಪ್ಪ ಎದ್ದು ಬಂದು, “ನೋಡ ತಂಗಿ, ಹದಿನೈದಕ್ಕ ಹದಿನಾರ ಗುಂಟೆ ಬಿಟ್ಟೇನಿ. ಒಂದ ಜಾಸ್ತಿನ ಇರ್ಲಿ ಅಂತ,” ಎಂದ.

ತರನ್ನುಮ ನಿಂತಲ್ಲೇ ಹೇಳಿದಳು. “ಕಾಕಾ, ನೀವೇನೂ ಒತ್ತಿದ್ದಿಲ್ರಿ. ನಿಮ್ಮ ಹೊಲ ನಾಕ ಎಕರೆನ ಐತಿ. ನಮ್ಮ ಲೆಕ್ಕಾನ ತಪ್ಪು.”

ಗುರುಲಿಂಗಪ್ಪ ಹೊಸ ಒಡ್ಡಿನ ಕಡೆ ತಿರುಗಿದ. “ಮತ್ತ ನೋಟಿಸಿನ್ಯಾಗ ಸರ್ಕಾರದ ಸಿಕ್ಕಾ ಇತ್ತಲ್ಲ,” ಎಂದ. ಅಷ್ಟೇ. ಹೋಗಿ ಬಾವಿಯ ಕಟ್ಟೆಯ ಮೇಲೆ ಕುಳಿತ.

ನೀರಿನ ತಂಬಿಗೆ ತಂದಿದ್ದ ಆತನ ಹೆಂಡತಿ ಚನ್ನವ್ವ ಅದನ್ನು ಕೆಳಗಿಟ್ಟಳು. “ನಿನಗ ಇದು ಯಾವಾಗ ಗೊತ್ತಾತು?”

“ಶಿಬಿರದ ಮರದಿನಾನ್ರಿ.”

“ನಮ್ಮ ಫೋನ ನಂಬರ ಇದ್ದಿದ್ದಿಲ್ಲೇನು?”

“ಇತ್ತ್ರಿ.”

“ಇತ್ತಂತ.” ಚನ್ನವ್ವ ಬೊಡ್ಡೆಗಳ ಕಡೆ ನೋಡಿದಳು. “ಎಂಟ ದಿನ ಕಡದಾನವ್ವಾ ಈ ಮುದುಕ. ಆಳಿನ ಕೈಲೆ ಕಡಸಲಿಲ್ಲ. ನಾ ಹಚ್ಚಿದ್ದು, ನಾನ ಕಡೀತೀನಿ ಅಂದ. ಯಾವ ದಿನಾ ಫೋನ ಮಾಡಿದ್ರೂ ನಾಕ ಗಿಡ ಉಳೀತಿದ್ವು.”

ತರನ್ನುಮ ಫೋಟೊ ತೆಗೆದಳು. ಆ್ಯಪ್‌ನಲ್ಲಿ ಎರಡೇ ಗುಂಡಿ: ತೆರವಾಗಿದೆ, ತೆರವಾಗಿಲ್ಲ. ಒತ್ತುವರಿ ಇರಲೇ ಇಲ್ಲ ಎನ್ನಲು ಗುಂಡಿ ಇರಲಿಲ್ಲ. ಯಾವುದನ್ನು ಒತ್ತಿದೆ ಎಂದು ಅವಳಿಗೆ ಈಗ ನೆನಪಿಲ್ಲ. ಹೇಗನಿಸಿತು ಎಂದು ಕೇಳಿದರೆ, “ಏನೂ ಅನಸಲಿಲ್ರಿ. ಕೈ ತನ್ನ ಪಾಡಿಗೆ ಮಾಡ್ತು,” ಅನ್ನುತ್ತಾಳೆ. ಆಮೇಲೆ ಪಟ್ಟಿಯ ಮೂರನೇ ಹೊಲಕ್ಕೆ ಹೋದಳು.

ಎರಡು ತಿಂಗಳ ನಂತರ ಆ ಒಂದು ಸಾಲು ಬದಲಾಯಿತು. ಯಾರು ಮಾಡಿದರು, ಯಾವತ್ತು ಮಾಡಿದರು, ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಪರದೆ ತೆರೆದರೆ ಕೆಂಪು ಹೊಲಗಳೆಲ್ಲ ಹಸಿರಾಗಿದ್ದವು. ನೋಟಿಸು ಕಳಿಸಿದ ಯಂತ್ರಕ್ಕೆ ಹನ್ನೊಂದು ಸಾವಿರ ಮನೆಗೆ “ತಪ್ಪಾಯಿತು” ಎಂದು ಒಂದು ಪತ್ರ ಕಳಿಸಲು ಬರಲಿಲ್ಲ. ವಿಚಾರಣೆಗಳು ತಾವಾಗಿ ಮುಗಿದವು. ಅಗರಖೇಡದಲ್ಲಿ ಈಗಲೂ ಕೆಲವರು ಗುರುಲಿಂಗಪ್ಪನ ಬಗ್ಗೆ, ಒತ್ತಿರದಿದ್ದರೆ ಯಾಕೆ ಬಿಟ್ಟ ಎನ್ನುತ್ತಾರೆ. ಬಿಟ್ಟ ನೆಲದಲ್ಲಿ ಆತ ಮತ್ತೆ ಗಿಡ ಹಚ್ಚಿಲ್ಲ. ಜಾಲಿ ಎದ್ದಿದೆ.

ತರನ್ನುಮ ಅದೇ ಕುರ್ಚಿಯಲ್ಲಿದ್ದಾಳೆ. ಈಗ ದಿನಕ್ಕೆ ನೂರಾ ಅರವತ್ತು ಹೊಲ. ಊಟಕ್ಕೆ ಕರೆದರೆ ಹೋಗುತ್ತಾಳೆ, ಮಾತಾಡಿಸಿದರೆ ಮಾತಾಡುತ್ತಾಳೆ. ಮೇಲ್ ಹಾಕುವುದನ್ನು ಬಿಟ್ಟಿದ್ದಾಳೆ.

ಅವಳ ಮೇಲೆ ಸಿಟ್ಟಾಗುವುದು ಸುಲಭ, ನನಗೂ ಆಗಿದೆ. ಆದರೆ ಆರು ದಿನ ಆ ಮೇಲ್ ಇಟ್ಟುಕೊಂಡು ಕೂತವನ ಹೆಸರು ಯಾರಿಗೂ ಗೊತ್ತಿಲ್ಲ. ಪ್ರಕ್ಷೇಪ ಆರಿಸಿದವನದೂ ಗೊತ್ತಿಲ್ಲ. ಕೇಳಿದವರೇ ಇಲ್ಲ. ನೀವು ಕೇಳಿ. ನಿಮಗೆ ಹೊಲ ಇರಲಿ ಬಿಡಲಿ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ಊರಿನ ನೆಲವನ್ನು ಯಾವ ಪ್ರಕ್ಷೇಪದಲ್ಲಿ ಅಳೆದಿದ್ದೀರಿ, ಅದನ್ನು ಆರಿಸಿದವರು ಯಾರು ಎಂದು ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಕೆಳಗೆ ಹೆಸರು ಹಾಕಿ ಸಹಿ ಮಾಡಿಸಿಕೊಳ್ಳುವವರೆಗೆ ಕೂರಬೇಡಿ.