ನಾಲ್ಕೂರಿಗೆ ಒಬ್ಬ ಡ್ರೈವರು

ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಜನ ಸೇರಿಸಿಕೊಳ್ಳುವವರು ಚನ್ನಗಿರಿಗೆ ಬಂದ ದಿನ ನಾನು ತಾಲ್ಲೂಕು ಕಚೇರಿಯ ಎದುರಿನ ಬೇವಿನ ಮರದಡಿ ನಿಂತು, ದೇವರೇ, ನನ್ನ ಗಂಡನ ಕಿವಿ ಕೆಟ್ಟೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಚಿಕ್ಕಂದಿನಲ್ಲಿ ಸೋರಿ ಸೋರಿ ಅವರ ಎಡಗಿವಿ ಮಂದವಾಗಿತ್ತು. ಒಳಗೆ ಮಿಲಿಟರಿ ಡಾಕ್ಟರು ಆ ಕಿವಿಯ ಹತ್ತಿರ ಗಡಿಯಾರ ಹಿಡಿದು, ಕೇಳುತ್ತದೋ ಇಲ್ಲವೋ ಎಂದು ನೋಡುತ್ತಿದ್ದರಂತೆ. ಹೊರಗೆ ಬಂದಾಗ ಇವರ ಮುಖ ಇಳಿದುಹೋಗಿತ್ತು.

"ಬ್ಯಾಡ ಅಂದ್ರು ಕಣೆ," ಎಂದರು.

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅಳುತ್ತಿದ್ದೇನೆ ಅಂದುಕೊಂಡರೇನೋ, ಸಮಾಧಾನ ಮಾಡಿದರು.

ಅವತ್ತು ಉಳಿದವರೆಲ್ಲ ಆಯ್ಕೆಯಾದರು. ಇವರಿಗೆ ಲಾರಿ ಕಲಿಸಿದ ಉಸ್ತಾದರು, ಅವರ ಮಗ, ಶಿವಮೊಗ್ಗಕ್ಕೆ ಬಸ್ಸು ಬಿಡುತ್ತಿದ್ದವರು, ಹೊನ್ನಾಳಿಯಿಂದ ನಡೆದು ಬಂದಿದ್ದ ಡ್ರೈವರುಗಳು ಎಲ್ಲರೂ. ನಮ್ಮ ಕಡೆ ಸ್ಟೇರಿಂಗ್ ಹಿಡಿಯಲು ಬರುವವರೇ ಬೆರಳೆಣಿಕೆಯ ಮಂದಿ. ಸೈನ್ಯಕ್ಕೆ ಬೇಕಾಗಿದ್ದವರೂ ಅವರೇ. ಉಸ್ತಾದರನ್ನು ನಾನು ಚಾಚಾ ಎನ್ನುತ್ತಿದ್ದೆ. ಹೊರಡುವ ಮುಂಚೆ ನಮ್ಮ ಜಗಲಿಯ ಮೇಲೆ ಕೂತು ಚಹಾ ಕುಡಿಯುತ್ತ ಹೇಳಿದರು:

"ಇಲ್ಲಿ ಪೆಟ್ರೋಲೇ ಇಲ್ಲಮ್ಮ. ಸಾಹುಕಾರ್ರು ಗಾಡಿಗಳನ್ನ ಕಲ್ಲಿನ ಮ್ಯಾಲೆ ಎತ್ತಿ ನಿಲ್ಲಿಸ್ತಾ ಅದಾರೆ. ಇಲ್ಲೇ ಇದ್ರೆ ಇದ್ದಿಲು ಹೊಗೆ ಕುಡೀಬೇಕು. ಸೈನ್ಯದಾಗಾದ್ರೆ ಊಟ ಕೊಡ್ತಾರೆ, ಬಟ್ಟೆ ಕೊಡ್ತಾರೆ, ಮನೀಗೂ ಸಂಬಳ ಕಳಿಸ್ತಾರೆ. ನಾನ್ಯಾಕೆ ಹೋಗಬಾರದು ಹೇಳು?"

ಅಪ್ಪ ಮಗ ಇಬ್ಬರೂ ಒಂದೇ ಲಾರಿಯಲ್ಲಿ ಹಿಂದೆ ನಿಂತು ಹೋದರು. ಅದನ್ನು ಓಡಿಸುತ್ತಿದ್ದವನು ಪರ ಊರಿನವನು.

ಆಮೇಲೆ ಲಾರಿ ಓಡಿಸುವವರಿಲ್ಲದೆ ಹೋದರೆ ಏನೇನಾಗುತ್ತದೆ ಎಂಬುದು ನಮಗೆ ಒಂದೊಂದಾಗಿ ತಿಳಿಯುತ್ತ ಬಂತು. ಮೊದಲು ಬೆಂಕಿಪೊಟ್ಟಣ ಸಿಗಲಿಲ್ಲ. ಅಕ್ಕಪಕ್ಕದ ಮನೆಯಿಂದ ಕೆಂಡ ತಂದು ಒಲೆ ಹಚ್ಚಿದೆವು. ಸೀಮೆಎಣ್ಣೆ ಸಿಗಲಿಲ್ಲ, ಕತ್ತಲಾಗುವ ಮುಂಚೆ ಉಂಡು ಮಲಗಿದೆವು. ದಾವಣಗೆರೆಯ ರೈಲು ನಿಲ್ದಾಣಕ್ಕೆ ಸಾಮಾನು ಬಂದು ಬೀಳುತ್ತಿತ್ತಂತೆ, ಆದರೆ ಅಲ್ಲಿಂದ ಎತ್ತುವವರಿಲ್ಲ. ಎತ್ತಿನ ಗಾಡಿಯವರು ತರಲು ಹೋದರು. ದಾರಿಯಲ್ಲಿ ಮಳೆ ಹೊಡೆದು ಉಪ್ಪು ಅರ್ಧಕ್ಕರ್ಧ ಕರಗಿ ಬಂತು. ನ್ಯಾಮತಿಯ ಸಂತೆಗೆ ಮೆಣಸಿನಕಾಯಿ ಬರಲಿಲ್ಲ. ಜಗಳೂರಿನಲ್ಲಂತೂ ಜನ ಉಪ್ಪಿಲ್ಲದ ಸಾರು ಉಣ್ಣುತ್ತಿದ್ದಾರೆ ಎಂದು ಸುದ್ದಿ ಬಂತು.

ಉಳಿದ ಒಬ್ಬ ಡ್ರೈವರು ನನ್ನ ಗಂಡ. ಇವರು ಓಡಿಸುತ್ತಿದ್ದ ನಮ್ಮೂರ ಸಾಹುಕಾರರ ಲಾರಿ ಸಾಲದೆಂದು ಹೊನ್ನಾಳಿಯ ಮಂಡಿಯವರ ಲಾರಿಗೂ ಇವರನ್ನೇ ಕರೆದರು. ಹೊನ್ನಾಳಿಯಿಂದ ನ್ಯಾಮತಿ, ಅಲ್ಲಿಂದ ಹಿಂದಕ್ಕೆ, ದಾವಣಗೆರೆ, ಜಗಳೂರು, ಮತ್ತೆ ಚನ್ನಗಿರಿ. ಮನೆಗೆ ಬಂದರೆ ಗೋಡೆಗೆ ಒರಗಿ ಕೂತಲ್ಲೇ ನಿದ್ದೆ. ತುತ್ತು ಕೈಯಲ್ಲಿದ್ದಂತೆಯೇ ಕಣ್ಣು ಮುಚ್ಚುತ್ತಿದ್ದರು. ಜೊತೆಗಿದ್ದ ಕ್ಲೀನರು ಕೂಡ, ತಾನೂ ಡ್ರೈವರೇ ಎಂದು ಹೇಳಿಕೊಂಡು ಸೈನ್ಯ ಸೇರಿದ್ದ. ಅವನನ್ನು ತಗೊಂಡವರಿಗೆ ಅವನು ಗಾಡಿ ತೊಳೆಯುವವನು ಎಂದು ಗೊತ್ತಾಗುವಷ್ಟು ಪುರಸೊತ್ತೂ ಇರಲಿಲ್ಲ.

ಲಾರಿಗೂ ಆಗ ಇದ್ದಿಲಿನ ಗ್ಯಾಸೇ ಗತಿ. ಕೂರುವ ಜಾಗದ ಹಿಂದೆ ಆಳೆತ್ತರದ ಒಂದು ಡ್ರಮ್ಮು. ಅದರೊಳಗೆ ಇದ್ದಿಲು ತುಂಬಿ ಬೆಂಕಿ ಹಾಕಿ, ಪಕ್ಕದ ಚಕ್ರ ತಿರುಗಿಸಿ ಗಾಳಿ ಊದಬೇಕು. ಸ್ವಲ್ಪ ಹೊತ್ತಾದ ಮೇಲೆ ಅದರಿಂದ ಬರುವ ಗ್ಯಾಸು ಕೊಳವೆಯಲ್ಲಿ ಹರಿದು ಇಂಜಿನ್ನಿಗೆ ಹೋಗುತ್ತಿತ್ತು. ಇವರ ಬಟ್ಟೆ, ಕೂದಲು, ಉಗುರು ಎಲ್ಲಾ ಕಪ್ಪು. "ತಲೆ ಸಿಡೀತೈತೆ" ಎಂದು ದಿನಾ ಹಣೆಗೆ ಬಟ್ಟೆ ಬಿಗಿಯುತ್ತಿದ್ದರು.

ಒಂದು ಬೆಳಿಗ್ಗೆ ಲಾರಿ ಮನೆ ಮುಂದೆ ಬಂದು ನಿಂತಾಗ ಅದರ ಮುಂಭಾಗಕ್ಕೆ ದೊಡ್ಡದೊಂದು ಜಾಲಿಯ ಕೊಂಬೆ ಸಿಕ್ಕಿಕೊಂಡಿತ್ತು.

"ಇದೆಲ್ಲಿ ಸಿಕ್ತು ರೀ?" ಎಂದು ಕೇಳಿದೆ.

ಅವರು ಇಳಿದು ಬಂದು ನೋಡಿದರು. ತುಂಬ ಹೊತ್ತು ನೋಡಿದರು. "ಗೊತ್ತಿಲ್ಲ," ಎಂದರು.

ಜಾಲಿಮರ ರಸ್ತೆಯ ಮೇಲೆ ಇರುವುದಿಲ್ಲ. ಇವರು ರಸ್ತೆ ಬಿಟ್ಟು ಇಳಿದು, ಮರಕ್ಕೆ ಉಜ್ಜಿ, ಮತ್ತೆ ರಸ್ತೆಗೆ ಬಂದಿದ್ದರು. ಅದು ಅವರಿಗೇ ತಿಳಿದಿರಲಿಲ್ಲ.

ಅಂದಿನಿಂದ ನಾನು ಮನೆಯಲ್ಲಿ ಕೂರಲಾರದೆ ಹೋದೆ. ರೊಟ್ಟಿ ತಟ್ಟುತ್ತಿದ್ದರೆ ಕೈ ನಿಲ್ಲುತ್ತಿತ್ತು. ಬೀದಿಯಲ್ಲಿ ಯಾರಾದರೂ ಜೋರಾಗಿ ನಡೆದು ಬಂದರೆ ನಮ್ಮ ಮನೆಗೇ ಸುದ್ದಿ ತರುತ್ತಿದ್ದಾರೆ ಅನಿಸುತ್ತಿತ್ತು. ಕೊನೆಗೆ ಅತ್ತೆಯ ಹತ್ತಿರ ಹೋಗಿ, ನಾನೂ ಲಾರಿಯಲ್ಲಿ ಹೋಗ್ತೀನಿ, ಪಕ್ಕದಲ್ಲಿ ಕೂತು ಎಚ್ಚರ ಇಡ್ತೀನಿ ಅಂದೆ.

"ಲಾರಿ ಮುಂದೆ ಹೆಂಗಸು ಕುಂತರೆ ಊರವರು ಏನಂತಾರೆ?" ಎಂದರು ಅತ್ತೆ. ಸ್ವಲ್ಪ ಹೊತ್ತು ಅಕ್ಕಿಯ ಕಲ್ಲು ಆರಿಸಿದರು. ಆಮೇಲೆ ತಲೆ ಎತ್ತದೆ, "ಹೋಗು. ಬುತ್ತಿ ಜಾಸ್ತಿ ಕಟ್ಟಿಕೋ," ಎಂದರು.

ಮೊದಲು ಹೋಗಿದ್ದು ಹೊನ್ನಾಳಿಗೆ, ಅಲ್ಲಿಂದ ನ್ಯಾಮತಿಗೆ. ಅಷ್ಟೆತ್ತರದ ಸೀಟಿನಲ್ಲಿ ಕೂತು ರಸ್ತೆ ನನ್ನ ಕಾಲಡಿಗೇ ನುಗ್ಗಿ ಬರುತ್ತಿದ್ದರೆ ಕಣ್ಣು ಮುಚ್ಚಿಬಿಡುತ್ತಿದ್ದೆ. ಎಚ್ಚರ ಇಡಲು ಬಂದವಳು ಕಣ್ಣು ಮುಚ್ಚಿದರೆ ಹೆಂಗೆ ಎಂದು ಮತ್ತೆ ತೆರೆಯುತ್ತಿದ್ದೆ. ನಾನು ಕೂರುವುದು ಅವರ ಎಡಕ್ಕೆ, ಕೇಳದ ಕಿವಿಯ ಕಡೆ. ಮಾತಾಡಿದರೆ ಇಂಜಿನ್ನಿನ ಸದ್ದಿನಲ್ಲಿ ಒಂದೂ ಮುಟ್ಟುತ್ತಿರಲಿಲ್ಲ. ಅದಕ್ಕೆ ಅವರ ತೋಳಿಗೆ ಬೆರಳಿನಿಂದ ಚುಚ್ಚುತ್ತಿದ್ದೆ. ನ್ಯಾಮತಿಯಲ್ಲಿ ಸಂತೆಗೆ ಬಂದ ಹೆಂಗಸರು ನನ್ನನ್ನು ನೋಡಲು ಲಾರಿಯ ಸುತ್ತ ನಿಂತರು. ನಾನು ಸೆರಗು ಮುಖದವರೆಗೆ ಎಳೆದುಕೊಂಡು ಕೆಳಗಿಳಿದು ಗಾಳಿಯ ಚಕ್ರ ತಿರುಗಿಸಿದೆ.

ಆ ದಾರಿಯಲ್ಲೇ ಒಂದು ಸಲ ಅವರು ಲಾರಿ ನಿಲ್ಲಿಸಿ ನನಗೆ ಹೇಳಿಕೊಟ್ಟರು. "ನೋಡು, ಈ ಕೀಲಿ ಹಿಂಗೆ ತಿರುವಿದ್ರೆ ಇಂಜಿನ್ನು ಆರತೈತೆ. ಇದು ಹ್ಯಾಂಡ್ ಬ್ರೇಕು, ಜೀವ ಬಿಟ್ಟು ಎಳೀಬೇಕು. ನಂಗೇನಾದ್ರೂ ಆದ್ರೆ ಮೊದ್ಲು ಕೀಲಿ, ಆಮ್ಯಾಲೆ ಇದು."

"ಏನಾದ್ರೂ ಆದ್ರೆ ಅನ್ನಬ್ಯಾಡ್ರಿ," ಎಂದೆ. ಆದರೆ ಕೀಲಿ ಎಲ್ಲಿದೆ ಎಂದು ಚೆನ್ನಾಗಿ ನೋಡಿಕೊಂಡೆ.

ಜಗಳೂರಿಗೆ ಹೋಗಿದ್ದು ಬೇಸಿಗೆಯಲ್ಲಿ. ದಾವಣಗೆರೆಯ ಗೂಡ್ಸ್ ಶೆಡ್ಡಿನಲ್ಲಿ ಉಪ್ಪಿನ ಮೂಟೆ, ಸೀಮೆಎಣ್ಣೆ ಡಬ್ಬ ಹೇರಿಕೊಂಡು ಹೊರಡುವಾಗ ಜನ ಮುತ್ತಿಕೊಂಡರು. ಬಸ್ಸು ನಿಂತು ಎಷ್ಟೋ ದಿನವಾಗಿತ್ತು; ಅದರ ಡ್ರೈವರೂ ಯುದ್ಧಕ್ಕೆ ಹೋಗಿದ್ದ. ಹೆರಿಗೆಗೆಂದು ತವರಿಗೆ ಹೊರಟ ಒಬ್ಬ ಬಸುರಿ, ಅವಳ ತಾಯಿ, ಒಬ್ಬ ಶಾಲೆಯ ಮೇಷ್ಟ್ರು, ಹೊಲದ ಕೆಲಸದ ಗಂಡಸರು ಎಲ್ಲರೂ ಮೂಟೆಯ ಮೇಲೆ ಹತ್ತಿದರು. ಇವರು ಬೇಡ ಎನ್ನಲಿಲ್ಲ. ಎನ್ನಲು ಶಕ್ತಿಯೂ ಇರಲಿಲ್ಲ.

ಬಿಸಿಲು ನೆತ್ತಿಗೆ ಬಂದಿತ್ತು. ಅಂದು ನನಗೂ ತಲೆ ನೋಯುತ್ತಿತ್ತು, ಬಾಯೆಲ್ಲ ಕಹಿ. ಹಿಂದಿನಿಂದ ಸುಟ್ಟ ವಾಸನೆ ಬರುತ್ತಿತ್ತು. ಅದು ಯಾವಾಗಲೂ ಇದ್ದದ್ದೇ ಎಂದು ಸುಮ್ಮನಿದ್ದೆ. ರಸ್ತೆ ಒಂದು ಕೆರೆಯ ಏರಿಯ ಮೇಲೆ ಹತ್ತಿತು. ಎಡಕ್ಕೆ ಹೊಲದ ಇಳಿಜಾರು. ಬಲಕ್ಕೆ ನೀರು ಬತ್ತಿ ಒಡೆದ ಕೆರೆಯ ಅಂಗಳ, ಬಾವಿಯಷ್ಟು ಆಳದಲ್ಲಿ. ಮುಂದಿನ ಗಾಜಿನಲ್ಲಿ ಕೆರೆಯ ಅಂಚಿಗೆ ನಿಲ್ಲಿಸಿದ ಕಲ್ಲುಗಳು ಒಂದೊಂದೇ ಹಿಂದೆ ಹೋಗುತ್ತಿದ್ದುದನ್ನು ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ಅವು ನಮ್ಮ ಹತ್ತಿರ ಬರತೊಡಗಿದವು.

ತಿರುಗಿ ನೋಡಿದೆ. ಅವರ ತಲೆ ಬಾಗಿಲಿಗೆ ಒರಗಿತ್ತು. ಬಾಯಿ ತೆರೆದಿತ್ತು. ಕೈಗಳು ಸ್ಟೇರಿಂಗಿನಲ್ಲೇ ಜೋತುಬಿದ್ದು ಅದನ್ನು ಬಲಕ್ಕೆ ಎಳೆಯುತ್ತಿದ್ದವು.

"ರೀ! ರೀ!" ಎಂದು ಕಿರುಚಿದೆ. ಚುಚ್ಚಿದೆ. ಹೊಡೆದೆ. ಅವರು ಏಳಲಿಲ್ಲ. ಸತ್ತೇಹೋದರು ಅನಿಸಿತು. ಅವರು ಸತ್ತರು, ಈಗ ಹಿಂದಿನ ಬಸುರಿಯೂ ಸಾಯುತ್ತಾಳೆ, ನಾನೂ ಸಾಯುತ್ತೇನೆ ಎಂದು ಎಲ್ಲವೂ ಒಟ್ಟಿಗೇ ತೋರಿತು. ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ನನ್ನ ಕಡೆಗೆ ಎಳೆದೆ. ಲಾರಿ ಎಡಕ್ಕೆ ಹಾರಿತು; ಮೇಲಿನವರೆಲ್ಲ ಕೂಗಿಕೊಂಡರು. ಮತ್ತೆ ಬಲಕ್ಕೆ ದಬ್ಬಿದೆ. ಕೀಲಿ, ಕೀಲಿ ಎಂದು ಬಾಯಲ್ಲಿ ಹೇಳುತ್ತಿದ್ದೆ, ಕೈಗೆ ಸಿಗಲಿಲ್ಲ. ಆಮೇಲೆ ಸಿಕ್ಕಿತು. ತಿರುವಿದೆ. ಸದ್ದು ನಿಂತಿತು, ಲಾರಿ ಮಾತ್ರ ನಿಲ್ಲಲಿಲ್ಲ. ಸದ್ದಿಲ್ಲದೆ ಉರುಳುತ್ತಿದ್ದ ಅದನ್ನು ಕಂಡು ಇನ್ನೂ ಹೆದರಿಕೆಯಾಯಿತು. ಕಾಲನ್ನು ಮುಂದಿನ ತಗಡಿಗೆ ಒತ್ತಿ, ಬ್ರೇಕಿನ ಕಂಬಿಗೆ ಜೋತುಬಿದ್ದೆ. ಒಂದು ಕಲ್ಲು ಉರುಳಿ ಕೆಳಗೆ ಬಿದ್ದದ್ದು ಕೇಳಿಸಿತು. ಆಮೇಲೆ ನಿಂತಿತು. ಮುಂದಿನ ಗಾಲಿ ಆ ಕಲ್ಲಿದ್ದ ಜಾಗದಲ್ಲಿತ್ತು.

ಮೇಷ್ಟ್ರು, ಇನ್ನಿಬ್ಬರು ಸೇರಿ ಇವರನ್ನು ಎತ್ತಿ ಹೊಲದ ಕಡೆಯ ಮರದ ನೆರಳಿಗೆ ಒಯ್ದರು. ಬಸುರಿಯ ತಾಯಿ ತನ್ನ ಕುಡಿಯುವ ನೀರನ್ನೆಲ್ಲ ಇವರ ತಲೆಗೆ ಸುರಿದಳು. ಉಸಿರಿತ್ತು. ಸ್ವಲ್ಪ ಹೊತ್ತಿಗೆ ಕಕ್ಕಿಕೊಂಡರು, ಕಣ್ಣು ಬಿಟ್ಟರು. "ಜಗಳೂರು ಬಂತಾ?" ಎಂದು ಕೇಳಿದರು. ನಾನು ಆಗ ಅತ್ತುಬಿಟ್ಟೆ.

ಮೇಷ್ಟ್ರು ಲಾರಿ ಹತ್ತಿ ಮೂಸಿ ನೋಡಿ ಬಂದರು. ಡ್ರಮ್ಮಿನ ಕೊಳವೆ ಬಿರುಕು ಬಿಟ್ಟು ಗ್ಯಾಸೆಲ್ಲ ಸೀಟಿನ ಕಡೆಗೇ ಸೋರುತ್ತಿದೆ, ಇದು ಬರೀ ನಿದ್ದೆಯಲ್ಲ ಎಂದರು. ನಿದ್ದೆಯೂ ಹೌದು, ಗ್ಯಾಸೂ ಹೌದು ಎಂದು ನನಗೆ ಗೊತ್ತಿತ್ತು.

ಇದರ ನಡುವೆ ಗಂಡಸರು ಕೂಗಾಡಿದರು. ಕುಡಿದಿದ್ದಾನೆ ಎಂದವರೂ ಇದ್ದರು. ಆದರೆ ಬಿಸಿಲು ಸ್ವಲ್ಪ ಇಳಿಯುತ್ತಲೇ ಅದೇ ಜನ ಇವರ ಸುತ್ತ ಬಂದು ಕೂತರು. ಅಷ್ಟು ಮಂದಿಯಲ್ಲಿ ಲಾರಿ ಓಡಿಸಲು ಬರುವವರು ಮತ್ತೊಬ್ಬರಿರಲಿಲ್ಲ.

"ಈಗ ಆರಾಮೈತಲ್ಲ, ನಿಧಾನಕ್ಕೆ ಹೊಡೀರಿ ಡ್ರೈವರ್ರೆ. ಇಲ್ಲಿ ಕುಂತು ಏನ್ ಮಾಡಾಕೆ ಆಗತೈತೆ?" ಎಂದ ಒಬ್ಬ.

ಬಸುರಿಯ ತಾಯಿ ನನ್ನ ಕೈ ಹಿಡಿದಳು. "ತಾಯಿ, ಮಗಳ ದಿನ ತುಂಬೈತೆ. ಊರು ಮುಟ್ಟಿಸಿಬಿಡ್ರಿ."

ಇವರು ಏಳಲು ನೋಡಿದರು. ಮರ ಹಿಡಿದು ಎದ್ದರು. ನಾನು ಅವರಿಗಿಂತ ಮುಂಚೆ ಓಡಿ, ಇಂಜಿನ್ನಿಗೆ ಮುಂದಿನಿಂದ ಕೊಟ್ಟು ತಿರುಗಿಸುವ ಕಬ್ಬಿಣದ ಹ್ಯಾಂಡಲ್ಲನ್ನು ಎತ್ತಿಕೊಂಡು ಬಂದೆ. ಅದಿಲ್ಲದೆ ಲಾರಿ ಚಾಲೂ ಆಗುವುದಿಲ್ಲ. ಮರದ ಬುಡದಲ್ಲಿ ಅದನ್ನು ಕೆಳಗಿಟ್ಟು ಅದರ ಮೇಲೆ ಕೂತೆ.

"ಇವರು ಓಡಿಸಲ್ಲ," ಎಂದೆ.

"ಏನಮ್ಮ, ಹೆಂಗಸಿನ ಮಾತು ಕೇಳ್ಕಂಡು ನಾವಿಲ್ಲಿ ಸಾಯಬೇಕಾ?" ಎಂದು ಒಬ್ಬ ಗದರಿದ. ಅವನು ಮೈ ಮೇಲೆ ಬಂದೇ ಬರುತ್ತಾನೆ ಅನ್ನುವಷ್ಟು ಹತ್ತಿರ ಬಂದ. ನನಗೆ ಉಚ್ಚೆ ಬರುವಷ್ಟು ಭಯವಾಗಿತ್ತು. ಆದರೂ ಏಳಲಿಲ್ಲ. ಏರಿ ಇನ್ನೂ ಅರ್ಧ ಉಳಿದಿತ್ತು. ಅದು ನನ್ನ ಕಣ್ಣ ಮುಂದೆಯೇ ಇತ್ತು.

ಬಸುರಿ ಹುಡುಗಿ ಅಷ್ಟು ಹೊತ್ತಿಗೆ ಮೊದಲ ಸಲ ಬಾಯಿ ತೆರೆದಳು. "ಅವ್ವಾ, ನಾನು ಆ ಲಾರಿ ಹತ್ತಲ್ಲ. ಈ ಅಕ್ಕ ಹೇಳೋದು ಸರಿ ಐತೆ."

ಇಬ್ಬರು ಗಂಡಸರು ಬೈದುಕೊಳ್ಳುತ್ತ ಜಗಳೂರಿನ ಕಡೆ ನಡೆದರು. ಉಪ್ಪು ಬಂದಿದೆ, ಏರಿಯ ಮೇಲೆ ನಿಂತಿದೆ ಎಂದು ಅವರು ಊರಲ್ಲಿ ಹೇಳಿದ್ದೇ ತಡ, ಸಂಜೆಯ ಹೊತ್ತಿಗೆ ಎತ್ತಿನ ಗಾಡಿಗಳು ಸಾಲಾಗಿ ಬಂದವು. ಮೂಟೆಗಳನ್ನು ಇಳಿಸಿಕೊಂಡರು. ಮೊದಲ ಗಾಡಿಗೆ ಹುಲ್ಲು ಹಾಸಿ ಬಸುರಿಯನ್ನು ಕೂರಿಸಿದರು, ಕೊನೆಯದರಲ್ಲಿ ಇವರನ್ನು ಮಲಗಿಸಿದರು. ದಾರಿಯುದ್ದಕ್ಕೂ ನಾನು ಅವರ ಮೂಗಿನ ಹತ್ತಿರ ಕೈ ಹಿಡಿದು ಕೂತಿದ್ದೆ.

ಚನ್ನಗಿರಿಗೆ ಮರಳಿದ ಮೇಲೆ ಸಾಹುಕಾರರು ನಮ್ಮ ಮನೆಗೇ ಬಂದರು. ಲಾರಿ ಏರಿಯ ಮೇಲೆ ಬಿಟ್ಟು ಬಂದಿದ್ದೀರಿ, ಹೊನ್ನಾಳಿಯವರು ಕೂಗಾಡುತ್ತಿದ್ದಾರೆ, ನಾಳೆಯೇ ಹೊರಡಬೇಕು ಎಂದರು. ಇವರು ತಲೆ ತಗ್ಗಿಸಿದ್ದರು. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ಕೆಲಸ ಹೋದರೆ ಏನು ಗತಿ, ಹೋಗದಿದ್ದರೆ ಏನು ಗತಿ? ಅತ್ತೆ ಹೊರಗೆ ಬಂದು ಕಂಬ ಹಿಡಿದು ನಿಂತರು.

"ಲಾರಿ ನಿಮ್ದು ಸ್ವಾಮಿ, ಮಗ ನನ್ನೋನು. ಇನ್ನೊಬ್ಬ ಡ್ರೈವರು ಬರೋಗಂಟ ಅವ್ನು ಹೋಗಲ್ಲ."

"ಇನ್ನೊಬ್ಬನ್ನ ಎಲ್ಲಿಂದ ತರಲವ್ವ? ಇದ್ರೆ ತರ್ತಿರಲಿಲ್ವಾ?"

"ಇಲ್ಲ ಅಂದ್ರೆ ಇವ್ನೇ ಕಲಿಸ್ಲಿ."

ಹಾಗೆಯೇ ಆಯಿತು. ಲಾರಿಯನ್ನು ಎತ್ತು ಕಟ್ಟಿ ಊರಿಗೆ ಎಳೆಸಿ ತಂದು, ಕೊಳವೆಯನ್ನು ಕಮ್ಮಾರರಿಂದ ರಿಪೇರಿ ಮಾಡಿಸಿ, ಒಂದೆರಡು ತಿಂಗಳು ಇವರು ಲಾರಿಯನ್ನು ಊರ ಹೊರಗಿನ ಬಯಲಿನಲ್ಲೇ ಓಡಿಸುತ್ತ ಇಬ್ಬರಿಗೆ ಕಲಿಸಿದರು. ಒಬ್ಬ ನಿಂತುಹೋದ ಬಸ್ಸಿನ ಕಂಡಕ್ಟರು, ಇನ್ನೊಬ್ಬ ನ್ಯಾಮತಿಯ ಎತ್ತಿನ ಗಾಡಿ ಹೊಡೆಯುವವನು. ಗಾಡಿಯವನು ಬ್ರೇಕು ಒತ್ತುವುದು ಮರೆತು "ಹೋ, ಹೋ" ಎಂದು ಲಾರಿಯನ್ನು ಗದರುತ್ತಿದ್ದ. ಬಹಳ ದಿನದ ಮೇಲೆ ಇವರು ಅದನ್ನು ಹೇಳಿ ಮನೆಯಲ್ಲಿ ನಕ್ಕರು. ಆ ತಿಂಗಳುಗಳಲ್ಲಿ ಊರಿಗೆ ಉಪ್ಪು, ಎಣ್ಣೆ ಇನ್ನೂ ಕಡಿಮೆ ಬಂತು. ಬೀದಿಯಲ್ಲಿ ಕೆಲವರು ನಮ್ಮೊಡನೆ ಮಾತು ಬಿಟ್ಟರು.

ಯುದ್ಧ ಮುಗಿದ ಮೇಲೆ ಚಾಚಾ ಮರಳಿದರು. ಮಗ ಮರಳಲಿಲ್ಲ. ಚಾಚಾ ಮತ್ತೆ ಲಾರಿ ಮುಟ್ಟಲಿಲ್ಲ. ಮಸೀದಿಯ ಹತ್ತಿರ ಸಣ್ಣ ಸೈಕಲ್ ಅಂಗಡಿ ಇಟ್ಟರು. ನನ್ನ ಗಂಡನಿಗೆ ಆ ತಲೆನೋವು ಪೂರ್ತಿ ಬಿಡಲಿಲ್ಲ, ಆದರೂ ಬದುಕಿದರು, ನಿಧಾನವಾಗಿ ಓಡಿಸಿದರು. ಪೆಟ್ರೋಲು ಇನ್ನೂ ಸಿಗುತ್ತಿರಲಿಲ್ಲ, ಲಾರಿಗೆ ಇದ್ದಿಲಿನ ಗ್ಯಾಸೇ ಗತಿಯಾಗಿತ್ತು. ದೂರದ ದಾರಿಗೆ ಆ ನ್ಯಾಮತಿಯವನೇ ಹೋಗುತ್ತಿದ್ದ. ಅವನು ಸಂಸಾರ ಸಮೇತ ನಮ್ಮ ಹಿಂದಿನ ಓಣಿಗೆ ಬಂದಿದ್ದ.

ಒಂದು ದಿನ ಬಾವಿಕಟ್ಟೆಯಲ್ಲಿ ಅವನ ಹೆಂಡತಿ ನೀರು ಸೇದುತ್ತಿದ್ದಳು. ಅವನ ಲಾರಿ ಜಗಳೂರಿಗೆ ಹೊರಟ ಸದ್ದು ಕೇಳಿತು. ಅವಳು ಹಗ್ಗ ಹಿಡಿದಂತೆಯೇ ನಿಂತುಬಿಟ್ಟಳು. ಕೊಡ ಅರ್ಧ ಬಾವಿಯಲ್ಲಿ ತೂಗುತ್ತಿತ್ತು. ನಾನು ಹೋಗಿ ಹಗ್ಗಕ್ಕೆ ಕೈ ಹಾಕಿದೆ.

"ಅಕ್ಕಾ, ನಿನ್ನೆ ತಲೆ ನೋವು ಅಂತಿದ್ರು," ಎಂದಳು.

"ಹಂಗಂದ್ರೆ ನಾಳೆ ಕಳಿಸಬ್ಯಾಡ," ಎಂದೆ. "ಯಾರು ಬಂದು ಕೇಳಿದ್ರೂ ಕಳಿಸಬ್ಯಾಡ. ನಾನೂ ಬಂದು ಹೇಳ್ತೀನಿ."

ಇಬ್ಬರೂ ಸೇರಿ ಕೊಡ ಮೇಲಕ್ಕೆಳೆದೆವು.