ಹನಕೆರೆಯ ಕುಂಡದಲ್ಲಿ ಗೌರಿಹೂ

ಹನಕೆರೆಗೆ ಬಂದ ಮೊದಲ ಬೇಸಿಗೆಯಲ್ಲಿ ನನಗೆ ದಿಗಿಲಾದದ್ದು ನೀರು ಕಂಡು. ನಮ್ಮ ಚಳ್ಳಕೆರೆ ಕಡೆ ನೆಲ ಬಿರಿಯುವ ತಿಂಗಳಲ್ಲಿ ಇಲ್ಲಿ ನಾಲೆ ದಡದವರೆಗೆ ತುಂಬಿ ಹರಿಯುತ್ತಿತ್ತು. ಎಮ್ಮೆಗಳು ಮೂತಿ ಮಾತ್ರ ಮೇಲಿಟ್ಟು ಮಲಗಿದ್ದವು. ಒಬ್ಬರೂ ಆಕಾಶ ನೋಡುತ್ತಿರಲಿಲ್ಲ. ಎಲ್ಲೋ ಏನೋ ತಪ್ಪಾಗಿದೆ ಅನ್ನಿಸಿತು.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ವರ್ಷ ಮಂಡ್ಯದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಹೇಳುವ ಕೆಲಸ ಸಿಕ್ಕಿತ್ತು. ಅಥವಾ ಅದರ ಮರುವರ್ಷವೋ. ಮದುವೆಯಾಗದವನಿಗೆ ಪೇಟೆಯಲ್ಲಿ ಮನೆ ಕೊಡುವವರಿಲ್ಲದೆ ಹನಕೆರೆಯ ನಿಂಗಮ್ಮನ ಮನೆಯ ಹಿಂದಿನ ಕೋಣೆ ಹಿಡಿದೆ. ದಿನವೂ ಪ್ಯಾಸೆಂಜರ್ ರೈಲು. ರಾತ್ರಿ ಮುದ್ದೆ, ಉಪ್ಸಾರು. ಉಪ್ಸಾರು ಎಂದರೆ ಸೊಪ್ಪು, ಕಾಳು ಬೇಯಿಸಿದ ನೀರಿಗೆ ಉಪ್ಪು ಹಾಕಿದ್ದು. ಅರೆದ ಖಾರವನ್ನು ತಟ್ಟೆಯಲ್ಲಿ ಬೇರೆಯೇ ಇಡುತ್ತಾರೆ. ಮೊದಲ ಸಲ ಆ ಖಾರವನ್ನು ಚಟ್ನಿಯೆಂದು ನೆಕ್ಕಿ ಮನೆಯವರನ್ನೆಲ್ಲ ನಗಿಸಿದೆ.

ಊರಿಂದ ತಂದದ್ದು ಒಂದು ಟ್ರಂಕು, ಒಂದು ಹಿಡಿ ಬೀಜ. ನಮ್ಮ ಬೇಲಿಯಲ್ಲಿ ಪ್ರತಿ ಮಳೆಗೂ, ಗೌರಿಹಬ್ಬದ ಹೊತ್ತಿಗೆ ಬೆಂಕಿಯ ನಾಲಿಗೆಯಂಥ ಕೆಂಪು-ಹಳದಿ ಎಸಳು ಬಿಡುವ ಗೌರಿಹೂವಿನ ಬಳ್ಳಿ ತಾನೇ ಏಳುತ್ತಿತ್ತು. ಅಣ್ಣ ಬೇಲಿ ಕಿತ್ತು ಕಲ್ಲಿನ ಕಾಂಪೌಂಡು ಕಟ್ಟಿಸಿದಾಗ ಅದೂ ಹೋಯಿತು. ಅಕ್ಕ ರಾಜಮ್ಮ ಉಳಿಸಿಕೊಂಡಿದ್ದ ಕೆಂಪು ಬೀಜಗಳನ್ನು ನನ್ನ ಕೈಗೆ ಸುರಿದು, "ನನ್ನ ಕೈಲಿ ಹುಟ್ಟಲಿಲ್ಲ ಕಣೋ. ನೀನು ಎಬ್ಬಿಸಿ ಕೊಡು. ಅದೇ ನನಗೆ ಬಾಗಿನ," ಎಂದಿದ್ದಳು. ಆ ಬಳ್ಳಿಯಲ್ಲಿ ಉಳಿದಿದ್ದು ಅಷ್ಟೇ.

ನೆನೆಸಿ ಕುಂಡಕ್ಕೆ ಹಾಕಿದೆ. ಮರೆತೇ ಹೋಗುವಷ್ಟು ದಿನದ ಮೇಲೆ ಹುಲ್ಲಿನಂಥ ಒಂದೇ ಒಂದು ಎಸಳು ಬಂತು. ಚಳಿಗಾಲಕ್ಕೆ ಅದೂ ಒಣಗಿತು. ನಮ್ಮ ಕಡೆ ಇದಕ್ಕೆ ಯಾರೂ ಹೆದರುವುದಿಲ್ಲ. ಒಳಗೆ ಗೆಡ್ಡೆ ಮಲಗಿರುತ್ತದೆ, ಒಣಗಲು ಬಿಡುತ್ತಾರೆ. ಆದರೆ ನಾಲೆಯ ಸೀಮೆಯಲ್ಲಿ ಬರಿಯ ಮಣ್ಣನ್ನು ಯಾರ ಕಣ್ಣೂ ಸಹಿಸದು. ಒಂದು ರಾತ್ರಿ ಊಟ ಚೆನ್ನಾಗಿದೆ ಎಂದೆ.

"ಇನ್ನೇನ್ ಮೇಷ್ಟ್ರೇ, ನಿಮ್ ಕುಂಡದ್ದೇ ದಂಟಿನ ಸೊಪ್ಪು," ಅಂದಳು ನಿಂಗಮ್ಮ. "ಸುಮ್ಕೆ ಬಿದ್ದಿತ್ತು. ಬೀಜ ಚೆಲ್ಲಿ ದಿನಾ ನೀರು ಉಯ್ದೆ."

"ಅಯ್ಯೋ, ಅದರಲ್ಲಿ ಗೌರಿಹೂವಿನ ಗೆಡ್ಡೆ ಇದೆ. ಕೊಳೆತುಹೋಗುತ್ತೆ! ವಿಷ ಬೇರೆ!"

"ನಾವೇನ್ ಗೆಡ್ಡೆ ತಿಂದ್ವಾ? ಉಣ್ಣಿ ಸುಮ್ಕೆ."

ಅಂದಳೇ ಹೊರತು, ಆಮೇಲೆ ಎರಡು ದಿನ ನನ್ನ ಮುಖ ನೋಡಲಿಲ್ಲ.

ಈ ಸಲದ ಮಳೆಗೆ ಕುಂಡದಲ್ಲಿ ಬೆರಳು ದಪ್ಪದ ಮೊಳಕೆ ಎದ್ದಿತು. ಕಿಟಕಿಯ ಸರಳು ಹಿಡಿದು ಹತ್ತಿ, ಹಬ್ಬಕ್ಕೆ ಸರಿಯಾಗಿ ಹೂಬಿಟ್ಟಿತು. ಸಂತೋಷಪಡುವ ಮೊದಲೇ ಲೆಕ್ಕ ತಪ್ಪಿತು. ಬೀಜದಿಂದ ಬಂದದ್ದು ಹೂ ಬಿಡಲು ಮೂರು ಮಳೆಗಾಲವಾದರೂ ಬೇಕು. ನನ್ನ ಪ್ರಕಾರ ಇದು ಎರಡನೇ ಮಳೆ. ನಿಂಗಮ್ಮ ಮೂರನೆಯದು ಎನ್ನುತ್ತಾಳೆ. ಬಿತ್ತಿದ ದಿನ ನನ್ನ ತಲೆಯಲ್ಲಿ ಮಸುಕಾಗಿದೆ.

ಅವಳ ಗಂಡ ಮರೀಗೌಡರು ಬೀಡಿ ಹಚ್ಚುತ್ತ, "ಇವ್ಳೇ ನಾಲೆ ಏರಿಯಿಂದ ಇಂಥದ್ದೇ ಗೆಡ್ಡೆ ತಂದು ನೆಟ್ಟವ್ಳೆ. ನಾನೇ ಕಂಡಿವ್ನಿ," ಎಂದರು.

"ತಂದೆ ಕಣಪ್ಪ, ನೆಟ್ಟಿದ್ದು ಬೇಲಿ ತಾವ. ಕುಂಡಕ್ಕಲ್ಲ."

"ಬೇಲೀಲಿ ಎಲ್ಲದೆ, ತೋರ್ಸು?"

"ನಿನ್ ಎಮ್ಮೆ ತುಳಿದಾಕ್ತು!"

ಪುರಾವೆ ತೂಗುವುದನ್ನು ಹುಡುಗರಿಗೆ ಕಲಿಸುವವನು ನಾನು. ಇಬ್ಬರಲ್ಲಿ ಯಾರ ಮಾತಾದರೂ ನಿಜವಿರಬಹುದಿತ್ತು.

ಗೌರಿಹಬ್ಬಕ್ಕೆ ಅಕ್ಕ ಬಂದಳು. ಅವಳು ಕಂಡೊಡನೆ ಹೇಳಿಬಿಡುತ್ತಾಳೆಂದು ಕಾದಿದ್ದೆ. ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು ಎಸಳಿನ ಅಂಚು ಮುಟ್ಟಿ, "ನಮ್ಮದು ಇಷ್ಟು ದೊಡ್ಡದಿತ್ತೇನೋ?" ಎಂದು ನನ್ನನ್ನೇ ಕೇಳಿದಳು.

"ಸಣ್ಣದಿತ್ತು ಅನ್ಸುತ್ತೆ."

"ಸುರುಳಿ ಇನ್ನೂ ಜಾಸ್ತಿ ಇತ್ತಲ್ವಾ?"

"ಇತ್ತೇ?"

"ಓದಿದೋನು ನೀನು. ನನ್ನ ಕೇಳ್ತೀಯಲ್ಲೋ!"

ಸೊಪ್ಪಿನ ಕಥೆ, ನಾಲೆಯ ಗೆಡ್ಡೆ, ಎಣಿಕೆ ತಪ್ಪಿದ ಮಳೆ, ಎಲ್ಲ ಹೇಳಿದೆ. ನಿಂಗಮ್ಮ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದಳು. ಅಕ್ಕ ಎಸಳನ್ನು ಮತ್ತೊಮ್ಮೆ ಬೆರಳಲ್ಲಿ ಸವರಿದಳು.

"ನಮ್ಮದೇ ಅನ್ನೋ," ಎಂದಳು ಕೊನೆಗೆ.

"ನಮ್ಮದೇ," ಎಂದೆ.

"ನಮ್ದೂವೆ ಕಣವ್ವ," ಅಂದಳು ನಿಂಗಮ್ಮ ಬಾಗಿಲಿಂದ. ಅಕ್ಕ ತಿರುಗಿ ನೋಡಿ, ಎರಡು ಹೂ ಕಿತ್ತು ಒಂದನ್ನು ಅವಳ ಮೊರಕ್ಕೆ ಹಾಕಿದಳು.

ಬಳ್ಳಿ ಒಣಗಿದ ಮೇಲೆ ಗೆಡ್ಡೆ ಅಗೆದು ಅದರ ಎರಡು ಕವಲಲ್ಲಿ ಒಂದನ್ನು ಅಕ್ಕನಿಗೆ ಒಯ್ಯಬೇಕು, ಇನ್ನೊಂದನ್ನು ಕುಂಡದಲ್ಲೇ ಬಿಡಬೇಕು. ಚಳ್ಳಕೆರೆಯಲ್ಲಿ ನಾನು ಬಸ್ಸಿಳಿದಾಗ, ನಮ್ಮ ಬೇಲಿಯದನ್ನು ಊರಿಗೆ ಮರಳಿಸುತ್ತಿದ್ದೇನೆಯೋ, ಹನಕೆರೆಯದನ್ನು ಪರಸ್ಥಳಕ್ಕೆ ತಂದಿದ್ದೇನೆಯೋ ಎಂದು ನೀವು ಯಾರೂ ಕೇಳಬೇಡಿ. ಕೇಳಿದರೆ ಎರಡಕ್ಕೂ ಹೌದು ಎಂದುಬಿಡುತ್ತೇನೆ.