ಸೊಂಟದ ನಾಲ್ಕು ಜೇಬು

ಸಿಸ್ಟರ್ ಕುರ್ಚಿಯಲ್ಲಿ ಕೂತು ಕಂಪ್ಯೂಟರ್ ಆಟ ಆಡಿದ್ದನ್ನು ನಾನು ನೋಡಿದ್ದೇ ಇಲ್ಲ. ಹೆಗಲಿಗೆ ಔಷಧಿ ಚೀಲ, ಬಿಳಿ ಸೀರೆಯ ಅಂಚಿಗೆ ಕರಿಮಣ್ಣು, ಒಂದು ಕಣ್ಣು ಸದಾ ಬಾಗಿಲಾಚೆ; ನಿಂತೇ ಮೌಸ್ ಒತ್ತುತ್ತಿದ್ದರು. ಇಂಡಿಯಲ್ಲಿ ನನ್ನ ಕಂಪ್ಯೂಟರ್ ಅಂಗಡಿ ಬಸ್‌ಸ್ಟ್ಯಾಂಡಿನ ಎದುರಿಗೇ ಇತ್ತು. ಅವರು ಅಗರಖೇಡದ ಕಡೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ಸರಕಾರಿ ನರ್ಸ್. ಬಸ್ ಬರುವವರೆಗೆ ಒಂದು ಆಟ.

ಆಟವೆಂದರೆ ಕತ್ತಿ ಹಿಡಿದ ಒಬ್ಬ ವೀರ ಗುಹೆಗಿಳಿದು ರಾಕ್ಷಸರನ್ನು ಹೊಡೆಯುವುದು. ದಾರಿಯಲ್ಲಿ ಸಿಕ್ಕ ಕತ್ತಿ, ಕವಚ, ಔಷಧಿ ಬಾಟಲಿ ಎಲ್ಲ ಅವನ ಚೀಲಕ್ಕೆ. ಮೊದಲನೇ ಭಾಗದಲ್ಲಿ ಆ ಚೀಲವೊಂದು ಸಂತೆ. ಗಾಯವಾದಾಗ ಅದನ್ನು ತೆರೆದು ಬಾಟಲಿ ಹುಡುಕುವಷ್ಟರಲ್ಲಿ ವೀರ ಸತ್ತಿರುತ್ತಿದ್ದ. ಸಿಸ್ಟರಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

“ಇದನ್ನ ಮಾಡಿದಾಂವ ಒಮ್ಮೆರೆ ಹೆರಿಗಿ ಮನ್ಯಾಗ ನಿಂತಾನೇನ್ರಿ? ಹುಡುಕೂದ್ರಾಗ ಜೀವ ಹೋಗ್ತೈತಿ!”

ವಿಜಾಪುರದಿಂದ ನಾನು ಎರಡನೇ ಭಾಗದ ಸಿಡಿ ತಂದೆ. ಅದರಲ್ಲಿ ಕತ್ತಿಗೆ ನಮಗೆ ಬೇಕಾದ ಹರಳು ಕೂಡಿಸಬಹುದಿತ್ತು. ನಾನು ಅದಕ್ಕೆ ಮರುಳಾದೆ. ಸಿಸ್ಟರ್ ಮರುಳಾದದ್ದು ವೀರನ ಸೊಂಟಪಟ್ಟಿಗೆ. ಅದಕ್ಕೆ ನಾಲ್ಕು ಜೇಬು. ಯಾವುದರಲ್ಲಿ ಏನಿರಬೇಕೆಂದು ನಾವೇ ಆರಿಸಬೇಕು, ಆಮೇಲೆ ಚೀಲ ತೆರೆಯದೆ ಒಂದೇ ಗುಂಡಿ ಒತ್ತಿ ತೆಗೆಯಬಹುದು. ಒಬ್ಬ ರಾಕ್ಷಸನನ್ನೂ ಹೊಡೆಯದೆ, ಇದನ್ನಿಟ್ಟು ಅದನ್ನು ತೆಗೆದು ಮಾಡುತ್ತಾ ಅವರು ಅಂದು ಬಸ್ಸನ್ನೇ ತಪ್ಪಿಸಿಕೊಂಡರು. ಮುಂದಿನ ವಾರ ಬಂದಾಗ ಸೀರೆಯ ಮೇಲೆ ಖಾಕಿ ಪಟ್ಟಿ, ಅದಕ್ಕೆ ದರ್ಜಿಯಿಂದ ಹೊಲಿಸಿದ ನಾಲ್ಕು ಜೇಬು.

“ಯಾವ ರಾಕ್ಷಸನ್ನ ಹೊಡ್ಯಾಕ ಹೊಂಟ್ರಿ, ಸಿಸ್ಟರ್?” ಎಂದು ಚುಡಾಯಿಸಿದೆ.

“ನಗ್ರಿ, ನಗ್ರಿ. ನಿಮಗೇನು ಹಡಿಯೂದೈತಿ?”

ಆ ಮಳೆಗಾಲ ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆಂದು ಅಗರಖೇಡದ ತವರಿನಲ್ಲಿದ್ದಳು. ನಾನು ಅವಳನ್ನು ನೋಡಲು ಹೋಗಿದ್ದಾಗಲೇ, ದಿನ ತುಂಬುವ ಮೊದಲೇ, ನೋವು ಬಂತು. ಆಸ್ಪತ್ರೆಗೆ ಒಯ್ಯಲು ಕರೆಸಿದ ಜೀಪು ಹಳ್ಳ ತುಂಬಿ ಆಚೆಗೇ ನಿಂತಿತು. ಪುಣ್ಯಕ್ಕೆ ಊರಲ್ಲೇ ಇದ್ದ ಸಿಸ್ಟರ್ ಓಡಿಬಂದರು. ಮಗು ಅತ್ತ ದನಿ ಕೇಳಿ ಪಡಸಾಲೆಯಲ್ಲಿ ನಾನು ಕೈಮುಗಿದೆ. ಅದರ ಹಿಂದೆಯೇ ಅತ್ತೆಯ ಚೀರಾಟ. ನೆತ್ತರು ನಿಲ್ಲುತ್ತಿರಲಿಲ್ಲ.

“ಒಳಗ ಬರ್ರಿ!” ಸಿಸ್ಟರ್ ಕೂಗಿದರು. ಗಂಡಸರು ಹೆರಿಗೆ ಕೋಣೆಗೆ ಹೋಗುವ ರೂಢಿಯಿಲ್ಲ; ಹೊಸ್ತಿಲಲ್ಲಿ ತಡವರಿಸಿದೆ. “ನಾಚಿಕಿ ಆಮ್ಯಾಲ! ಇಲ್ಲೆ ಹೊಟ್ಟಿ ತಿಕ್ಕಿ ಒತ್ತಿ ಹಿಡೀರಿ. ಕೈ ತಗೀಬ್ಯಾಡ್ರಿ!”

ಹೆಂಡತಿಯ ತುಟಿ ಬಿಳಿಚಿಕೊಂಡಿತ್ತು. ಅತ್ತೆ ಗಾಬರಿಯಲ್ಲಿ ಔಷಧಿ ಚೀಲವನ್ನೇ ನೆಲಕ್ಕೆ ಸುರಿದಿದ್ದರು. ಅರಳೆ, ಕತ್ತರಿ, ಗುಳಿಗೆ ಎಲ್ಲ ಚೆಲ್ಲಾಪಿಲ್ಲಿ. ಸಿಸ್ಟರ್ ಅತ್ತ ನೋಡಲೂ ಇಲ್ಲ. ಕಣ್ಣು ನನ್ನ ಹೆಂಡತಿಯ ಮುಖದ ಮೇಲೆ, ಕೈ ತಮ್ಮ ಸೊಂಟಕ್ಕೆ. ಒಂದು ಜೇಬಿನಿಂದ ಸೂಜಿ, ಪಕ್ಕದ್ದರಿಂದ ಇಂಜೆಕ್ಷನ್. ಚುಚ್ಚಿದರು. “ಏ ತಂಗಿ, ನಿದ್ದಿ ಮಾಡಬ್ಯಾಡ. ನಾ ಅದೇನಿ, ನನ್ನ ಮಾತ ಕೇಳ!” ಎನ್ನುತ್ತಲೇ ಇದ್ದರು. ನನ್ನ ಅಂಗೈ ಕೆಳಗೆ ಹೊಟ್ಟೆ ಮೆಲ್ಲಗೆ ಗಟ್ಟಿಯಾಯಿತು. ನೆತ್ತರು ನಿಂತಿತು. ನನ್ನ ಸಂಸಾರ ಉಳಿದದ್ದು ಆ ಕೈಯಿಂದ.

ಹೆರಿಗೆಯ ಮರುದಿನವೇ ಸಿಸ್ಟರಿಗೆ ನಾಲತವಾಡದ ಕಡೆ ವರ್ಗವಾಯಿತು; ಬಾಣಂತನ ಮುಗಿಸಿ ಹೆಂಡತಿ ಇಂಡಿಗೆ ಬಂದಾಗ ಅವರಿರಲಿಲ್ಲ. ಮರುವರ್ಷ, ಕಾಮಾಲೆಯಾಗಿ ತೀರಿಕೊಂಡರೆಂದು ಸುದ್ದಿ ಬಂತು. ಮಗಳನ್ನೆತ್ತಿಕೊಂಡು ಬಸವನ ಬಾಗೇವಾಡಿಯ ಅವರ ತವರಿಗೆ ಹೋದೆವು. ಹೆರಿಗೆಯ ದಿನ ಹೆಂಡತಿ ನೋವಿನಲ್ಲಿ ಕಣ್ಣು ಬಿಟ್ಟವಳಲ್ಲ. ಸಿಸ್ಟರ ದನಿಯನ್ನಷ್ಟೇ ಬಲ್ಲವಳು. ಅಂಗಳದಲ್ಲಿ ಮಲಗಿಸಿದ್ದ ಅವರ ಮುಖ ನೋಡಿದ್ದು ಅಂದೇ ಮೊದಲು. ಬಹಳ ಹೊತ್ತು ನೋಡಿದಳು.

“ಅಯ್ಯ, ನನ್ನ ವಾರಿಗಿಯವ್ರ, ನನ್ನಷ್ಟ ವಯಸ್ಸಿನವ್ರ ಅದಾರಲ್ರಿ” ಎಂದಳು. “ದನಿ ಕೇಳಿ, ನಮ್ಮವ್ವನಷ್ಟ ದೊಡ್ಡವ್ರು ಅನ್ಕೊಂಡಿದ್ನಿ.”